ಡ್ರಮ್ಸ್ ಬೇರೆ, ಯೂನಿಯನ್ ಬೇರೆ ಅಲ್ಲ

ಸ್ಯಾನ್ ಫ್ರಾನ್ಸಿಸ್ಕೋದ ಜಾಝ್ ಡ್ರಮ್ಮರ್ ಅರ್ಲ್ ವಾಟ್ಕಿನ್ಸ್ ಯೂನಿಯನ್ ಕೆಲಸಕ್ಕೆ ಇಳಿದದ್ದರಿಂದ ಅವರ ಸಂಗೀತಕ್ಕೆ ನಷ್ಟವಾಯಿತು ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಆ ಊರಲ್ಲಿ ಆಗ ಕಪ್ಪು ಕಲಾವಿದರಿಗೆ ಲೋಕಲ್ 669 ಅನ್ನೋ ಸಂಗೀತಗಾರರ ಯೂನಿಯನ್ ಶಾಖೆ, ಬಿಳಿಯರಿಗೆ ಲೋಕಲ್ 6. ಒಂದೇ ಕಸುಬು, ಎರಡು ಸಂಘ! ಇವು ಒಂದಾಗಿದ್ದು 1960ರಲ್ಲಿ. ಲಾಸ್ ಏಂಜಲೀಸ್‌ನಲ್ಲಿ 1953ರಲ್ಲೇ ಆಗಿತ್ತು. ಯಾವ ಕ್ಲಬ್ಬಿನಲ್ಲಿ ಯಾರು ನುಡಿಸಬಹುದು ಅನ್ನೋದೇ ಸಂಘದ ಮೇಲೆ ನಿಂತಿದ್ದಾಗ, ಅದು ಸಂಗೀತದ ಪ್ರಶ್ನೆಯೇ ಅಲ್ವಾ?

ನಾನೂ ನಮ್ಮೂರ ಆರ್ಕೆಸ್ಟ್ರಾದಲ್ಲಿ ಹತ್ತು ವರ್ಷ ಡ್ರಮ್ಸ್ ನುಡಿಸಿದವನು. ಎಲ್ಲರಿಗಿಂತ ಮೊದಲು ಬಂದು ಸೆಟ್ ಜೋಡಿಸಬೇಕು, ಕೊನೆಗೆ ಬಿಚ್ಚಿ ಹೊರಬೇಕು. ಎಷ್ಟೋ ರಾತ್ರಿ ಸಂಭಾವನೆಗಾಗಿ ಬೆಳಗಿನ ಜಾವದವರೆಗೆ ಕಾದಿದ್ದೇನೆ. ನಮ್ಮ ಪರವಾಗಿ ಕೇಳುವವರು ಒಬ್ಬರೂ ಇರಲಿಲ್ಲ.