ನಾಟಿ ದಾಸವಾಳ ಕೇಳೋದು ತಪ್ಪಾ?

ದಾವಣಗೆರೆಯ ಯಾವ ನರ್ಸರಿಗೆ ಹೋದರೂ ಮೊದಲು ತೋರಿಸುವುದು ಹೈಬ್ರಿಡ್ ದಾಸವಾಳವನ್ನೇ. ಅಂಗೈಯಗಲದ ಹೂವು, ಎರಡೆರಡು ಬಣ್ಣ, ಬೆಲೆಯೂ ಜಾಸ್ತಿ. ನಾಟಿ ಕೆಂಪು ದಾಸವಾಳ ಕೇಳಿದರೆ, "ಅದನ್ನ ಈಗ ಯಾರು ತಗೋತಾರೆ ಮೇಡಂ?" ಅನ್ನುತ್ತಾರೆ. ನಾನು ತಗೋತೀನಪ್ಪಾ, ಕೊಡು!

ಏಪ್ರಿಲ್ ಬಿಸಿಲಿಗೆ ಈ ಹೈಬ್ರಿಡ್ ಗಿಡದ ಮೊಗ್ಗೆಲ್ಲ ಉದುರುತ್ತದೆ. ಉಳಿದ ಕುಡಿಗೆ ಹಿಟ್ಟು ತಿಗಣೆ. ಬೆಳ್ಳಗೆ ಹತ್ತಿಯಂತೆ ಮೆತ್ತಿಕೊಂಡಿರುತ್ತದೆ, ಮುಟ್ಟಿದರೆ ಕೈಯೆಲ್ಲ ಅಂಟಂಟು. ನಾಟಿ ಗಿಡಕ್ಕೆ ಹುಳ ಬರಲ್ಲ ಅಂತಲ್ಲ. ಬಂದರೂ ಸವರಿಬಿಟ್ಟರೆ ಮತ್ತೆ ಚಿಗುರುತ್ತದೆ. ಸುಮ್ನೆ ಕಡ್ಡಿ ನೆಟ್ಟರೂ ಬರುತ್ತದೆ (ಅದಕ್ಕೇ ಮಾರಲ್ಲ ಅನ್ಸುತ್ತೆ).

ಹೊಸದು ಬೇಡವೇ ಬೇಡ ಅಂತಿಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕಾ ಅಂಬರ' ಕನಕಾಂಬರವೂ ಹೊಸ ತಳಿಯೇ ಅಲ್ವಾ? ಅದನ್ನು ಕೇಳಿದರೆ ಪೆಟೂನಿಯಾ ಮುಂದಿಡುತ್ತಾರೆ. ಚಳಿಗಾಲದ ಗಿಡ, ಮಾರ್ಚ್ ಕೊನೆಯಲ್ಲಿ!