ದಾನವಲ್ಲ ಮಾರಾಯ, ಪಾಲು

ಜುಲೈ ತಿಂಗಳ ಒಂದು ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಎದುರಿನ ಚರಂಡಿ ಕಟ್ಟಿಕೊಂಡಿತು. ಮಂಗಳೂರಿನ ಮಳೆ ಗೊತ್ತಲ್ಲ, ಅರ್ಧ ಗಂಟೆಯಲ್ಲಿ ನೀರು ಗೇಟಿನೊಳಗೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೋಗಳ ಮಳೆ ಹೊರಗಿನದಕ್ಕಿಂತ ಜೋರಾಗಿತ್ತು. ಕೊನೆಗೆ ನಮ್ಮ ಕಾವಲುಗಾರ ಪ್ಯಾಂಟು ಮಡಚಿ, ಭುಜದವರೆಗೆ ಕೈ ಇಳಿಸಿ, ಹಾಲಿನ ಪ್ಯಾಕೆಟ್‌ಗಳು, ಒಂದು ಬೊಂಡದ ಚಿಪ್ಪು, ಯಾರದೋ ಪೂಜೆಯ ಹೂವು ತುಂಬಿದ ಪ್ಲಾಸ್ಟಿಕ್ ಚೀಲ ಎಲ್ಲವನ್ನೂ ಎಳೆದು ಹಾಕಿದ. ನೀರು ಸುಳಿ ಸುತ್ತಿ ಇಳಿಯಿತು. ಯಾರೋ ವಿಡಿಯೋ ಹಾಕಿ ‘ನಿಸ್ವಾರ್ಥ ಸೇವೆಗೆ ನಮನ’ ಎಂದು ಬರೆದರು. ಇದ್ದ 40 ಮನೆಗಳಿಂದಲೂ ಸಾಲುಸಾಲಾಗಿ ಕೈಮುಗಿದ ಚಿತ್ರಗಳು. ಅವುಗಳಲ್ಲಿ ಒಂದು ನನ್ನದು. ನಾಲ್ಕನೇ ಮಹಡಿಯ ಬಾಲ್ಕನಿಯಿಂದ, ಒಂದು ಕೈಯಲ್ಲಿ ಚಹಾ ಹಿಡಿದುಕೊಂಡು ಕಳಿಸಿದ್ದು.

ಎಂಟೇ ದಿನಕ್ಕೆ ಚರಂಡಿ ಮತ್ತೆ ಕಟ್ಟಿಕೊಂಡಿತು.

ಅಂದಿನಿಂದ ‘ನಿಸ್ವಾರ್ಥ’ ಎಂಬ ಮಾತು ಕಿವಿಗೆ ಬಿದ್ದರೆ, ಹೇಳಿದವರು ಆ ಹೊತ್ತಿನಲ್ಲಿ ಎಲ್ಲಿ ನಿಂತಿದ್ದರು ಎಂದು ನೋಡುವ ಚಾಳಿ ಬಂದಿದೆ. ಇನ್ನೊಬ್ಬರ ನಿಸ್ವಾರ್ಥವನ್ನು ಕೊಂಡಾಡುವುದರಷ್ಟು ಅಗ್ಗದ ಕೆಲಸ ಬೇರೆ ಇಲ್ಲ.

ಹರೇಕಳ ಹಾಜಬ್ಬರನ್ನೇ ನೋಡಿ. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾದ ಸುದ್ದಿ ಬಂದಾಗ ಅವರು ಪಡಿತರ ಅಂಗಡಿಯ ಸಾಲಿನಲ್ಲಿ ನಿಂತಿದ್ದರು. ಮಂಗಳೂರಿನಲ್ಲಿ ಕಿತ್ತಳೆ ಮಾರುವಾಗ ವಿದೇಶಿಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದ್ದು, ಉತ್ತರ ಹೇಳಲಾಗದ ಆ ಸಂಕಟದಿಂದ ನ್ಯೂಪಡ್ಪುವಿನಲ್ಲಿ 28 ಮಕ್ಕಳ ಶಾಲೆ ಹುಟ್ಟಿದ್ದು ನಮಗೆಲ್ಲ ಬಾಯಿಪಾಠ. ಆದರೆ ಕಿತ್ತಳೆಯ ಲಾಭವೊಂದರಿಂದಲೇ ಶಾಲೆಯ ಕಟ್ಟಡ ಏಳುತ್ತದೆಯೇ? ಅವರು ಕಚೇರಿಗಳ ಮೆಟ್ಟಿಲು ಸವೆಸಿದರು, ದಾನಿಗಳ ಬಾಗಿಲು ತಟ್ಟಿದರು. ತಾನು ಕೊಟ್ಟದ್ದಷ್ಟೇ ಅಲ್ಲ, ಉಳಿದವರಿಂದ ಕೊಡಿಸಿದ್ದೂ ಅವರ ಸಾಧನೆಯೇ. ನಾವು ಅಷ್ಟು ಭಾಗವನ್ನು ಬಿಟ್ಟು ಒಂಟಿ ಸಂತನ ಕಥೆ ಮಾಡಿಕೊಂಡೆವು. ಸಂತರಾದರೆ ನಮಗೆ ಅನುಕೂಲ, ಹಾರ ಹಾಕಿ ಮನೆಗೆ ಹೋಗಬಹುದು.

ನನ್ನ ಅಜ್ಜಿಮನೆ ಮಲ್ಪೆ ಪಕ್ಕದ ಪಡುಕೆರೆಯಲ್ಲಿತ್ತು. ಅಲ್ಲಿ ಕೈರಂಪಣಿ, ಅಂದರೆ ದಡದಿಂದ ಕೈಯಲ್ಲೇ ಎಳೆಯುವ ಮೀನುಬಲೆ, ಎಳೆಯುವುದನ್ನು ನೋಡಿ ಬೆಳೆದವನು ನಾನು. ದೋಣಿ ಸಮುದ್ರದಲ್ಲಿ ಅರ್ಧಚಂದ್ರದಂತೆ ಬಲೆ ಬಿಟ್ಟು ಬರುತ್ತದೆ. ಎರಡು ತುದಿಯ ಹಗ್ಗಗಳೂ ದಡದಲ್ಲಿ, ಒಂದೊಂದು ಹಗ್ಗಕ್ಕೂ ಒಂದು ಸಾಲು ಜನ. ಒಂದು ಸಾಲಿನವರು ಪೌರುಷ ತೋರಿಸಿ ಇನ್ನೊಂದು ಸಾಲು ಹಿಂದೆ ಬಿದ್ದರೆ ಬಲೆ ಓರೆಯಾಗುತ್ತದೆ, ಮೀನು ಪಾರು. ಆದ್ದರಿಂದ ಎಳೆಯುವವರ ಕಣ್ಣು ತಮ್ಮ ಹಗ್ಗಕ್ಕಿಂತ ಆಚೆ ಸಾಲಿನ ಮೇಲೆಯೇ ಹೆಚ್ಚು. ಎಳೆಯುತ್ತಾ ಎಳೆಯುತ್ತಾ ಎರಡು ಸಾಲುಗಳೂ ಹತ್ತಿರವಾಗುತ್ತವೆ, ಹಗ್ಗದ ಉಪ್ಪುನೀರು ಅಂಗೈಯ ತರಚುಗಾಯಕ್ಕೆ ಇಳಿದು ಉರಿಯುತ್ತದೆ. ಹತ್ತು ವರ್ಷದ ನಾನು ಎಳೆದದ್ದಕ್ಕಿಂತ ನೇತಾಡಿದ್ದೇ ಹೆಚ್ಚು. ಆದರೂ ಬಲೆ ಬಿಚ್ಚಿದ ಮೇಲೆ ಒಬ್ಬ ಹಿರಿಯರು ಎರಡು ಬೊಗಸೆ ಬೂತಾಯಿ ಮೀನು ನನ್ನ ಅಂಗಿಯ ಮಡಿಲಿಗೆ ಸುರಿದರು. ಬೇಡ ಎಂದು ನಾಚಿದೆ. ‘ದಾನವಲ್ಲ ಮಾರಾಯ, ಪಾಲು’ ಎಂದು ಗದರಿದರು. ಅಂಗಿ ಹಾಳಾದದ್ದಕ್ಕೆ ಮನೆಯಲ್ಲಿ ಬಿದ್ದದ್ದು ಬೇರೆ ಲೆಕ್ಕ.

ಅಲ್ಲಿ ನಿಸ್ವಾರ್ಥಿಗಳು ಯಾರೂ ಇರಲಿಲ್ಲ. ಎಲ್ಲರಿಗೂ ಮೀನು ಬೇಕಿತ್ತು. ಪಾಲಿನ ಲೆಕ್ಕದಲ್ಲಿ ಜಗಳವೂ ಆಗುತ್ತಿತ್ತು, ಬೈಗುಳವನ್ನಂತೂ ಇಲ್ಲಿ ಬರೆಯುವಂತಿಲ್ಲ. ಆದರೆ ಮರುದಿನ ಮತ್ತೆ ಅದೇ ಜನ, ಅದೇ ಹಗ್ಗ. ಊರೇ ನಿಂತು ಎಳೆಯುತ್ತಿದ್ದ ದೊಡ್ಡ ರಂಪಣಿ 1970ರ ದಶಕದಲ್ಲಿ ಬಂದ ಯಂತ್ರಚಾಲಿತ ಪರ್ಸೀನ್ ದೋಣಿಗಳ ಎದುರು ಸೋತಿತು ನಿಜ. ಅದು ಸೋತದ್ದು ಯಂತ್ರಕ್ಕೆ, ಜಗಳಕ್ಕಲ್ಲ.

ಉಡುಪಿಯ ಪಿಗ್ಮಿ, ಅಂದರೆ ದಿನದಿನದ ಚಿಲ್ಲರೆ ಉಳಿತಾಯ, ಅದೂ ಇದೇ ಜಾತಿಯದು. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದಾಗ, 1925ರಲ್ಲಿ, ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ 8,000 ರೂಪಾಯಿ ಬಂಡವಾಳದಲ್ಲಿ ಶುರುಮಾಡಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಿಂದ ಅದರ ಏಜೆಂಟರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಪಡೆದು ಬರೆದುಕೊಂಡು ಹೋಗುತ್ತಿದ್ದರು. ಎರಡಾಣೆ ಕೊಟ್ಟವರು ತ್ಯಾಗಿಗಳಲ್ಲ, ತಮ್ಮ ಉಳಿತಾಯ ಮಾಡಿಕೊಂಡವರು. ಆ ಚಿಲ್ಲರೆಯೇ ಒಟ್ಟಾಗಿ ಇನ್ನೊಬ್ಬರಿಗೆ ಸಾಲವಾಗುತ್ತಿತ್ತು. ಬ್ಯಾಂಕಿನ ಹೆಸರು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಕರಗಿತು, ಪಿಗ್ಮಿ ಎಂಬ ಮಾತು ನಮ್ಮ ಅಂಗಡಿಗಳಲ್ಲಿ ಇನ್ನೂ ಇದೆ.

ಚರಂಡಿಗೆ ಬರುತ್ತೇನೆ. ಎರಡನೇ ಸಲ ಕಟ್ಟಿಕೊಂಡಾಗ ಗುಂಪಿನಲ್ಲಿ ಒಂದು ಸಾಲು ಹಾಕಿದೆ: ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಮನೆಗೊಬ್ಬರು ಬನ್ನಿ. ಬಂದವರು ಒಂಬತ್ತು ಮಂದಿ, ಇದ್ದ ಹಾರೆ ಎರಡು. ಕಾವಲುಗಾರ ಕುರ್ಚಿ ಹಾಕಿ ಕುಳಿತು ‘ಇಲ್ಲಿ ಅಲ್ಲ ಸಾರ್, ಅಲ್ಲಿ’ ಎಂದು ಕೆಲಸ ಹೇಳಿಕೊಟ್ಟ. ಮನೆಗೆ ತಿಂಗಳಿಗೆ 30 ರೂಪಾಯಿ ಸೇರಿಸಿ ಕಬ್ಬಿಣದ ಜಾಲರಿ ಕೂರಿಸುವುದು, ಅದನ್ನು ಸ್ವಚ್ಛ ಮಾಡುವುದಕ್ಕೆ ಆತನಿಗೆ ಪ್ರತ್ಯೇಕ ಸಂಬಳ ಕೊಡುವುದು ಎಂದು ಮಾತಾಯಿತು. 31 ಮನೆಯವರು ಒಪ್ಪಿದ್ದಾರೆ. ಉಳಿದವರಲ್ಲಿ ಒಬ್ಬರ ತಕರಾರು: ಅವರ ಕಾರು ನಿಲ್ಲುವುದು ಹಿಂದಿನ ಗೇಟಿನ ಬಳಿ, ಅಲ್ಲಿಗೆ ನೀರು ಬರುವುದೇ ಇಲ್ಲ. ನಾಳೆ ಸಂಜೆ ಅವರ ಮನೆಗೆ ಚಹಾಕ್ಕೆ ಹೋಗುತ್ತಿದ್ದೇನೆ.