ಡಜನ್ಸ್ ಆಟವನ್ನು ಬೀದಿಜಗಳ ಎನ್ನುವವರಿಗೆ

ನಿನ್ನೆ ಮಿತ್ರರೊಬ್ಬರು ಹಂಚಿಕೊಂಡ ವಿಡಿಯೊ ಒಂದನ್ನು ನೋಡಿದೆ. ಇಬ್ಬರು ಆಫ್ರಿಕನ್-ಅಮೆರಿಕನ್ ಹುಡುಗರು ಎದುರುಬದುರು ನಿಂತು, ಒಬ್ಬರ ತಾಯಿಯನ್ನು ಇನ್ನೊಬ್ಬರು ಹಂಗಿಸುತ್ತ ‘ಡಜನ್ಸ್’ ಎಂಬ ಮಾತಿನ ಆಟ ಆಡುತ್ತಿದ್ದರು. ಸುತ್ತ ನೆರೆದವರು ಒಂದೊಂದು ಮಾತಿಗೂ ಹೋ ಎಂದು ಕೂಗುತ್ತಿದ್ದರು. ಅದರ ಕೆಳಗೆ ನಮ್ಮವರು ಬರೆದದ್ದನ್ನು ಓದಿ ಮೈ ಉರಿಯಿತು. ಸಂಸ್ಕಾರವಿಲ್ಲದ ಜನವಂತೆ, ಹೆತ್ತ ತಾಯಿಯನ್ನೂ ಬಿಡದವರಂತೆ! ಹಾಗೆ ಬರೆದವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದರು. ಸಮಾಜಭಾಷಾವಿಜ್ಞಾನ ಪಾಠ ಮಾಡುತ್ತಲೇ ತಲೆ ನರೆತ ನನಗೆ ಇದು ಎಷ್ಟು ನೋವು ಕೊಟ್ಟಿರಬಹುದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಈ ಆಟಕ್ಕೆ ಕಟ್ಟುನಿಟ್ಟಾದ ನಿಯಮಗಳಿವೆ. ಭಾಷಾವಿಜ್ಞಾನಿ ವಿಲಿಯಂ ಲಬೋವ್ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನ ಹುಡುಗರ ಮಾತುಗಳನ್ನು ಧ್ವನಿಮುದ್ರಿಸಿಕೊಂಡು, 1972ರಲ್ಲಿ ಅವುಗಳನ್ನು ವಿವರವಾಗಿ ಬರೆದರು. ಆಡುವ ಮಾತು ಸುಳ್ಳೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿರಬೇಕು. ‘ನಿಮ್ಮಮ್ಮ ಎಷ್ಟು ದಪ್ಪ ಎಂದರೆ, ಬಸ್ಸು ಹತ್ತಿದರೆ ಬೀದಿಯೇ ವಾಲುತ್ತದೆ’ ಎಂಬ ಧಾಟಿಯ ಮಾತಿಗೆ ಯಾರೂ ‘ಇಲ್ಲ, ಹಾಗಿಲ್ಲ’ ಎನ್ನುವುದಿಲ್ಲ; ಅದಕ್ಕಿಂತ ಹರಿತವಾದ ಇನ್ನೊಂದನ್ನು ಅದೇ ಉಸಿರಿನಲ್ಲಿ ಕಟ್ಟಿ ಹೇಳಬೇಕು. ಅದನ್ನು ಬಿಟ್ಟು, ಎದುರಾಳಿಯ ತಂದೆ ನಿಜವಾಗಿಯೂ ತೊದಲುವವರಾಗಿದ್ದು ಅದನ್ನೇ ಎತ್ತಿ ಆಡಿಕೊಂಡರೆ, ಆಟ ಅಲ್ಲಿಗೇ ಕೆಡುತ್ತದೆ. ಗೆದ್ದವರು ಯಾರೆಂದು ತೀರ್ಮಾನಿಸುವವರು ಸುತ್ತ ನಿಂತವರು. ಸಿಟ್ಟಿಗೆದ್ದವನು ಸೋತ ಹಾಗೆ. ಇಷ್ಟು ಜನರ ಎದುರು ಮಾತು ಕೇಳಿಸಿಕೊಂಡು, ಕೈ ಎತ್ತದೆ, ಮಾತಿಗೆ ಮಾತನ್ನೇ ಕೊಡುವ ಹುಡುಗನಿಗೆ ಸಂಸ್ಕಾರವಿಲ್ಲ ಎಂದು ಯಾವ ಬಾಯಿಂದ ಹೇಳುತ್ತೀರಿ?

ವಿದ್ವಾಂಸರಿಗೂ ಇದು ಬೇಗ ಅರ್ಥವಾಗಲಿಲ್ಲ. ಬಿಳಿಯರ ಮೇಲೆ ತಿರುಗಿಬೀಳಲಾಗದವರು ತಮ್ಮವರ ಮೇಲೆಯೇ ತೀರಿಸಿಕೊಳ್ಳುವ ಸಿಟ್ಟನ್ನು 1939ರಲ್ಲಿ ಮನೋವಿಜ್ಞಾನಿ ಜಾನ್ ಡಾಲರ್ಡ್ ಇದರಲ್ಲಿ ಕಂಡರು. ಆ ದಬ್ಬಾಳಿಕೆ ನಿಜವೇ. ಆದರೆ ಬರೀ ಸಿಟ್ಟಿನಿಂದ ಪ್ರಾಸ ಹುಟ್ಟುವುದಿಲ್ಲ, ಉಪಮೆ ಹೊಳೆಯುವುದಿಲ್ಲ.

ಈ ಮಾತಿನ ಏಟು ಬೀಳುವುದು ಸದಾ ಹೆಣ್ಣಿನ ಮೇಲೆಯೇ ಅಲ್ಲವೇ ಎಂದು ಕೆಲವರು ಕೇಳಿದ್ದಾರೆ. ಹೆಣ್ಣಾಗಿ ನನಗೂ ಅದು ಚುಚ್ಚುತ್ತದೆ. ಆದರೆ ಹೆಂಗಸರು ಈ ಕಲೆಯ ಹೊರಗೆ ನಿಂತವರೇನಲ್ಲ. ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನಲ್ಲಿ ಮಾನವಶಾಸ್ತ್ರಜ್ಞೆ ಕ್ಲಾಡಿಯಾ ಮಿಚೆಲ್-ಕೆರ್ನನ್ ಹೆಂಗಸರ ಕುಟುಕು ಮಾತಿನ ಚಾತುರ್ಯವನ್ನು ದಾಖಲಿಸಿದ್ದಾರೆ. ಆಫ್ರಿಕನ್-ಅಮೆರಿಕನ್ ಲೇಖಕಿ ಜೋರಾ ನೀಲ್ ಹರ್ಸ್ಟನ್ ಅವರ 1937ರ ಕಾದಂಬರಿಯಲ್ಲಿ, ಅಂಗಡಿ ತುಂಬ ಗಂಡಸರ ಎದುರು ತನ್ನ ವಯಸ್ಸನ್ನೂ ಮೈಯನ್ನೂ ಹೀಯಾಳಿಸಿದ ಗಂಡನಿಗೆ ನಾಯಕಿ ಜೇನಿ ಅವನ ಗಂಡಸುತನವನ್ನೇ ಹಿಡಿದು ಉತ್ತರ ಕೊಡುತ್ತಾಳೆ. ಕೂತವರಲ್ಲೊಬ್ಬ ಅದನ್ನು ಡಜನ್ಸ್ ಎಂದೇ ಗುರುತಿಸುತ್ತಾನೆ. ಅವಳ ಮಾತಿನಲ್ಲಿ ನಿಜವಿತ್ತು. ಗಂಡನಿಗೆ ಉತ್ತರ ತೋಚಲಿಲ್ಲ, ಅವಳಿಗೆ ಹೊಡೆದ. ಅಲ್ಲಿ ಸಂಸ್ಕಾರ ತಪ್ಪಿದ್ದು ಯಾರದು?

ತರಗತಿಯಲ್ಲಿ ತನಗೆ ಕವಿತೆ ಕಲಿಸಲು ಹೊರಟ ಶಿಕ್ಷಕಿ, ಬೀದಿಯಲ್ಲಿ ತಾನು ಕಟ್ಟುತ್ತಿದ್ದ ಕವಿತೆಯನ್ನೇ ಓದಬೇಕಿತ್ತು ಎಂದು ಕಪ್ಪು ಜನರ ಹಕ್ಕುಗಳ ಹೋರಾಟಗಾರ ಎಚ್. ರ‍್ಯಾಪ್ ಬ್ರೌನ್ 1969ರ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಇಷ್ಟು ವರ್ಷ ಪಾಠ ಮಾಡಿದ ನಾನು ಆ ಮಾತನ್ನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ.